ಹಾಸಿಗೆ ಹಿಡಿದ ದಿನ ನಮ್ಮನ್ನ ಎಲ್ಲಿಗೆ ಕಳಿಸ್ತಾರೆ? ಹಿರಿಯ ನಾಗರಿಕರ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಮಾನ್ಯ ಸಚಿವರಿಗೆ, ಅಧಿಕಾರಿಗಳಿಗೆ, ಹಾಗೇ ಮನೆ ಕಟ್ಟಿ ಮಾರೋ ಬಿಲ್ಡರ್‌ಗಳ ಮೇಲೆ ಕಣ್ಣಿಡೋ ನಮ್ಮ ರಾಜ್ಯದ ರೇರಾ ಪ್ರಾಧಿಕಾರದವರಿಗೆ, ನಮಸ್ಕಾರ.

ನಾನು ಮೈಸೂರಿನವಳು, 72 ವರ್ಷ, ಹೈಸ್ಕೂಲಲ್ಲಿ ಸೈನ್ಸ್ ಟೀಚರ್ ಆಗಿ ರಿಟೈರ್ ಆದವಳು. ನಮ್ಮ ಮನೆಯವರಿಗೆ 79, ಕೆಇಬಿಲಿ ಇಂಜಿನಿಯರ್ ಆಗಿದ್ರು. ಈ ಪತ್ರ ಬರೀಬೇಕು ಅಂತ ಒಂದು ವರ್ಷದಿಂದ ಅಂದ್ಕೋತಾನೇ ಇದೀನಿ, ಆದ್ರೆ ಬೆಳಿಗ್ಗೆ ಹತ್ತಕ್ಕೆ ಇವರನ್ನ ನೋಡಕ್ಕೆ ಹೊರಟ್ರೆ ವಾಪಸ್ ಬರೋದು ಸಂಜೆ, ಆಮೇಲೆ ಪೆನ್ನು ಹಿಡಿಯೋ ಶಕ್ತಿ ಇರಲ್ಲ. ನಿನ್ನೆ ನನ್ನ ಜೊತೆ ಕೆಲಸ ಮಾಡ್ತಿದ್ದ ಟೀಚರ್ ಒಬ್ರು ಫೋನ್ ಮಾಡಿ, ನಾವೂ ಮನೆ ಮಾರಿ ಹಿರಿಯರಿಗೆ ಅಂತಲೇ ಕಟ್ಟಿರೋ ಸೀನಿಯರ್ ಲಿವಿಂಗ್‌ಗೆ ಹೋಗ್ತಿದೀವಿ, ಬ್ರೋಷರ್ ನೋಡಿದ್ರೆ ತುಂಬಾ ಚೆನ್ನಾಗಿದೆ, ನಾಳಿದ್ದು ಅಡ್ವಾನ್ಸ್ ಕೊಡ್ತೀವಿ ಅಂದ್ರು. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಕುಡಿದು ಬರೀತಾ ಕೂತೆ.

ನಮ್ಮದು ಸರಸ್ವತಿಪುರಂನಲ್ಲಿ ಸ್ವಂತ ಮನೆ ಇತ್ತು. ಒಬ್ಳೇ ಮಗಳು, ಕ್ಯಾಲಿಫೋರ್ನಿಯಾದಲ್ಲಿದಾಳೆ. 2018ರಲ್ಲಿ, ಇಬ್ರೂ ಗಟ್ಟಿಮುಟ್ಟಾಗಿರೋವಾಗ್ಲೇ ಒಂದು ವ್ಯವಸ್ಥೆ ಮಾಡ್ಕೊಂಡುಬಿಡೋಣ, ಮಗಳಿಗೆ ಅಷ್ಟು ದೂರದಲ್ಲಿ ಕೂತು ಚಿಂತೆ ಬೇಡ ಅಂತ ಮನೆ ಮಾರಿದ್ವಿ. ಬೆಂಗಳೂರಿನ ಹೊರಗಡೆ ಒಂದು ಹಿರಿಯರ ಕಮ್ಯೂನಿಟಿ ಸೇರಿದ್ವಿ, ಹೆಸರು ಇಲ್ಲಿ ಬೇಡ. 30 ಲಕ್ಷ ಡಿಪಾಸಿಟ್, ಮೇಲೆ ತಿಂಗಳ ಫೀಸು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ನಮ್ಮ ಎರಡು ಪೆನ್ಷನ್ ಸೇರಿದ್ರೆ ಹೆಂಗೋ ಆಗ್ತಿತ್ತು. ತೋರಿಸಕ್ಕೆ ಕರ್ಕೊಂಡು ಹೋದ ಹುಡುಗ ಎಷ್ಟು ಸಲ ಹೇಳಿದ್ನೋ, ಕಂಟಿನ್ಯೂಯಿಂಗ್ ಕೇರ್ ಮೇಡಂ, ಕೊನೆವರೆಗೂ ನಾವಿದೀವಿ, ನೀವು ಇನ್ನೊಂದು ಕಡೆ ಹುಡುಕೋ ಪ್ರಮೇಯವೇ ಬರಲ್ಲ ಅಂತ. ಆ ಮಾತಿಗೇ ನಾವು ಒಪ್ಪಿದ್ದು. ಸ್ವಿಮ್ಮಿಂಗ್ ಪೂಲಿಗಲ್ಲ, ಲೈಬ್ರರಿಗಲ್ಲ.

ಮೊದಲ ನಾಲ್ಕು ವರ್ಷ ನಿಜವಾಗ್ಲೂ ಚೆನ್ನಾಗಿತ್ತು, ಅದನ್ನ ಹೇಳದೇ ಇದ್ರೆ ತಪ್ಪಾಗತ್ತೆ. ಕೋವಿಡ್ ಲಾಕ್‌ಡೌನಲ್ಲಿ ನಮ್ಮ ವಯಸ್ಸಿನವರು ಎಷ್ಟೋ ಜನ ಸಿಟಿಲಿ ಹಾಲು ತರಕಾರಿಗೆ ಒದ್ದಾಡ್ತಿದ್ದಾಗ ನಮಗೆ ಮೂರು ಹೊತ್ತೂ ಬಾಗಿಲಿಗೆ ಊಟ ಬರ್ತಿತ್ತು, ಕೆಲಸದ ಹುಡುಗರು ಮನೆಗೆ ಹೋಗ್ದೆ ಅಲ್ಲೇ ಉಳ್ಕೊಂಡು ನಮ್ಮನ್ನ ನೋಡ್ಕೊಂಡ್ರು. ಅವರಿಗೆ ಇವತ್ತೂ ಕೈ ಮುಗೀತೀನಿ.

2022ರಲ್ಲಿ ಇವರಿಗೆ ಮರೆವು ಶುರುವಾಯ್ತು. ಮೊದಲು ಕನ್ನಡಕ, ಬೀಗದ ಕೈ, ಆಮೇಲೆ ಊಟ ಮಾಡಿದ್ದೇ ಮರೆಯೋದು, ಆಮೇಲೆ ರಾತ್ರಿ ಎರಡು ಗಂಟೆಗೆ ಎದ್ದು ಶರ್ಟ್ ಪ್ಯಾಂಟ್ ಹಾಕ್ಕೊಂಡು "ಸಬ್‌ಸ್ಟೇಷನ್‌ನಲ್ಲಿ ಟ್ರಿಪ್ ಆಗಿದೆ, ಹೋಗ್ಬೇಕು" ಅಂತ ಗೇಟ್ ಹತ್ರ ನಿಲ್ಲೋದು. ಡಾಕ್ಟರ್ ಡಿಮೆನ್ಷಿಯಾ ಅಂದ್ರು. ಇದೇನು ಅಪರೂಪದ ಕಾಯಿಲೆ ಅಲ್ಲ, ನಮ್ಮ ದೇಶದಲ್ಲೇ ನಡೆದ ದೊಡ್ಡ ಸರ್ವೆ ಪ್ರಕಾರ 60 ದಾಟಿದ ನೂರು ಜನರಲ್ಲಿ ಏಳು ಜನಕ್ಕೆ ಇದು ಇರತ್ತೆ, ಒಟ್ಟು 88 ಲಕ್ಷ ಜನ. ಅಂದ್ರೆ ಇನ್ನೂರು ಮನೆ ಇರೋ ಹಿರಿಯರ ಕಮ್ಯೂನಿಟಿ ಕಟ್ಟೋರಿಗೆ ಇಂಥವರು ಇದ್ದೇ ಇರ್ತಾರೆ ಅಂತ ಮೊದಲ ದಿನವೇ ಗೊತ್ತಿರಬೇಕು. ಗೊತ್ತಿದ್ದೇ ಕಟ್ಟಬೇಕು.

2024ರಲ್ಲಿ ನಮಗೊಂದು ಲೆಟರ್ ಬಂತು. ಬೇರೆ ನಿವಾಸಿಗಳ ಸುರಕ್ಷತೆ ದೃಷ್ಟಿಯಿಂದ ನಿಮ್ಮ ಯಜಮಾನರನ್ನ 30 ದಿನದೊಳಗೆ ಸೂಕ್ತವಾದ ಕೇರ್ ಸೆಂಟರ್‌ಗೆ ಸ್ಥಳಾಂತರಿಸಬೇಕು ಅಂತ. ಓಡಿ ಹೋಗಿ ಕೇಳಿದ್ರೆ ಅಗ್ರಿಮೆಂಟಿನ 23ನೇ ಪುಟ ತೆಗೆದು ತೋರಿಸಿದ್ರು. ನಿವಾಸಿಗೆ ಬೇಕಾದ ಆರೈಕೆ ನಮ್ಮ ವ್ಯಾಪ್ತಿ ಮೀರಿದ್ರೆ ಮ್ಯಾನೇಜ್‌ಮೆಂಟಿನ ತೀರ್ಮಾನವೇ ಅಂತಿಮ ಅಂತ ಒಂದು ಸಾಲು. ವ್ಯಾಪ್ತಿ ಅಂದ್ರೆ ಏನು, ಎಲ್ಲಿವರೆಗೆ, ಅದು ಎಲ್ಲೂ ಬರೆದಿರ್ಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ಹೇಳಿಕೊಟ್ಟವಳು ನಾನು, ಆ ಸಾಲು ಓದಿದ್ದೆ ಕೂಡ, ಆದ್ರೆ ಅದರ ಅರ್ಥ ಇದು ಅಂತ ಹೊಳೀಲಿಲ್ಲ. ನಮ್ಮನ್ನ ಕರೆತಂದ ಹುಡುಗ ಅಷ್ಟೊತ್ತಿಗೆ ಕೆಲಸ ಬಿಟ್ಟಿದ್ದ.

ಡಿಪಾಸಿಟ್ ವಾಪಸ್ ಬರಕ್ಕೆ ಒಂಬತ್ತು ತಿಂಗಳಾಯ್ತು. ನಮ್ಮ ಫ್ಲಾಟಿಗೆ ಹೊಸಬ್ರು ಸಿಕ್ಕಿದ ಮೇಲೆ ಕೊಡ್ತೀವಿ ಅನ್ನೋದೂ ಅಗ್ರಿಮೆಂಟಲ್ಲಿತ್ತು. ಬಡ್ಡಿ ಇಲ್ಲ, ಪೇಂಟಿಂಗ್ ಖರ್ಚು ಅಂತ ಬೇರೆ ಹಿಡ್ಕೊಂಡ್ರು. ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಾಯ್ತು, ಇದನ್ನ ಓದ್ತಿರೋ ಪ್ರತಿಯೊಬ್ರೂ ದಯವಿಟ್ಟು ಕೇಳಿಸ್ಕೊಳ್ಳಿ. ಅಗ್ರಿಮೆಂಟ್ ಇವರೊಬ್ಬರ ಹೆಸರಲ್ಲಿತ್ತು. ವಾಪಸ್ ತಗೊಳ್ಳಕ್ಕೆ ಇವರ ಸೈನ್ ಬೇಕು, ಇವರಿಗೆ ತಮ್ಮ ಹೆಸರು ಬರೆಯೋದೇ ಮರೆತುಹೋಗಿದೆ. ಇವರ ಪರವಾಗಿ ನಾನು ಸೈನ್ ಹಾಕಬಹುದು ಅಂತ ಇವರು ಬರೆದುಕೊಟ್ಟ ಜಿಪಿಎ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ, ಲಾಯರ್ ಹೇಳಿದ್ರು, ಬರೆದುಕೊಟ್ಟವರಿಗೆ ಬುದ್ಧಿ ಸ್ವಾಧೀನ ತಪ್ಪಿದ್ರೆ ನಮ್ಮ ಕಾಂಟ್ರಾಕ್ಟ್ ಕಾಯ್ದೆ ಪ್ರಕಾರ ಜಿಪಿಎ ಅಲ್ಲಿಗೆ ಮುಗಿಯತ್ತೆ ಅಂತ. ಯಾವಾಗ ಅದು ಬೇಕಾಗತ್ತೋ ಆವಾಗ್ಲೇ ಅದು ನಡೆಯಲ್ಲ. ಕೊನೆಗೆ ಗಾರ್ಡಿಯನ್ ಆಗಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು, 47 ವರ್ಷ ಸಂಸಾರ ಮಾಡಿದವಳು ನಾನು ಇವರ ಹೆಂಡತಿ ಅಂತ ಪ್ರೂವ್ ಮಾಡ್ಕೊಂಡು. ಡಿಪಾಸಿಟ್ ಕೊಡೋವಾಗ್ಲೇ ಗಂಡ ಹೆಂಡತಿ ಇಬ್ಬರ ಹೆಸರೂ ಹಾಕ್ಸಿ, ಇಬ್ಬರಲ್ಲಿ ಯಾರಿದ್ರೂ ಅವರಿಗೆ ವಾಪಸ್ ಕೊಡಬೇಕು ಅಂತ ಬರೆಸ್ಕೊಳ್ಳಿ. ಬ್ಯಾಂಕ್ ಅಕೌಂಟೂ ಹಾಗೇ.

ಸಚಿವರೇ, ಈಗ ನಿಮ್ಮ ಹತ್ರ ಬರ್ತೀನಿ. ದೂರು ಕೊಡಕ್ಕೆ ನಾನು ಎಲ್ಲೆಲ್ಲಿ ಹೋದೆ ಗೊತ್ತಾ. ಹಿರಿಯ ನಾಗರಿಕರ 2007ರ ಕಾಯ್ದೆ ಇದೆಯಲ್ಲ ಅಂತ ಒಂದು ಸರ್ಕಾರಿ ಆಫೀಸಿಗೆ ಹೋದೆ. ಅಮ್ಮಾ, ಅದು ಮಕ್ಕಳು ನೋಡ್ಕೊಳ್ಳದೇ ಇದ್ರೆ, ಮಕ್ಕಳು ಆಸ್ತಿ ಬರೆಸ್ಕೊಂಡು ಕೈಬಿಟ್ರೆ, ಕಂಪನಿಗಳಿಗಲ್ಲ ಅಂದ್ರು. ಮನೆಗೆ ಬಂದು ನಾನೇ ಕೂತು ಓದಿದೆ, ಅವರು ಹೇಳಿದ್ದು ಸರಿಯಾಗೇ ಇತ್ತು. ಆ ಕಾಯ್ದೆಲಿ ವೃದ್ಧಾಶ್ರಮದ ಬಗ್ಗೆ ಇದೆ, ಜಿಲ್ಲೆಗೊಂದಾದ್ರೂ ಇರಬೇಕು, ಕನಿಷ್ಠ 150 ಜನಕ್ಕೆ ಜಾಗ ಇರಬೇಕು ಅಂತ, ಆದ್ರೆ ಅದು ಗತಿ ಇಲ್ಲದವರಿಗೆ. ಅದು ಬೇಕೇ ಬೇಕು, ನಮಗಿಂತ ಮೊದಲು ಅವರಿಗೇ ಆಗ್ಬೇಕು. ಆದ್ರೆ ದುಡಿದು ಕೂಡಿಟ್ಟ ಪೂರ್ತಿ ದುಡ್ಡನ್ನ ಒಂದು ಕಂಪನಿ ಕೈಗೆ ಕೊಟ್ಟು ಅವರನ್ನ ನಂಬಿ ಕೂರೋ ನಮ್ಮಂಥವರೂ ಈಗ ಸಾವಿರಾರು ಜನ ಇದೀವಿ, ನಮ್ಮ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. 2019ರ ಡಿಸೆಂಬರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಅಂತ ಲೋಕಸಭೆಗೆ ಒಂದು ಮಸೂದೆ ಬಂತು, ಹಿರಿಯರನ್ನ ನೋಡ್ಕೊಳ್ಳೋ ಕೇಂದ್ರಗಳೆಲ್ಲ ರಿಜಿಸ್ಟರ್ ಆಗ್ಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅಂತ ಅದರಲ್ಲಿತ್ತು. ಅದು ಪಾಸಾಗ್ಲೇ ಇಲ್ಲ, ಆ ಲೋಕಸಭೆಯೇ ಮುಗೀತು.

ಆಮೇಲೆ ರೇರಾ. ನೀವು ಮನೆ ಕೊಂಡಿಲ್ಲ, ಲೀಸಿಗೆ ಹಾಕ್ಕೊಂಡಿದೀರಿ, ಬಾಡಿಗೆಗೆ ಇರೋರು ರೇರಾ ಕಾಯ್ದೆ ಪ್ರಕಾರ ಅಲಾಟೀ, ಅಂದ್ರೆ ಮನೆ ಕೊಂಡವರು, ಅಲ್ಲ ಅಂತ ತಿಳೀತು. ಸರಿ, ಕೊಂಡಿದ್ರೆ? ಕೊಂಡಿದ್ರೆ ಗೋಡೆ ಬಿರುಕು ಬಿಟ್ರೆ ಐದು ವರ್ಷದವರೆಗೆ ಬಿಲ್ಡರ್ ರಿಪೇರಿ ಮಾಡಿಕೊಡಬೇಕು. ಒಳಗಿರೋ ಮನುಷ್ಯನ ಮೈಯಲ್ಲಿ ಶಕ್ತಿ ಹೋದ್ರೆ ಏನು ಅಂತ ಅಲ್ಲೂ ಇಲ್ಲ. ನರ್ಸಿಂಗ್ ಹೋಮಿಗಾದ್ರೆ ಖಾಸಗಿ ಆಸ್ಪತ್ರೆಗಳಿಗೆ ಅಂತ ಮಾಡಿದ ನಮ್ಮ ರಾಜ್ಯದ್ದೇ ಕೆಪಿಎಂಇ ಕಾಯ್ದೆ ಇದೆ, ರಿಜಿಸ್ಟರ್ ಆಗ್ಬೇಕು, ರೇಟ್ ಬೋರ್ಡ್ ಹಾಕ್ಬೇಕು. ಮನೆಗೊಂದು ಕಾಯ್ದೆ, ಆಸ್ಪತ್ರೆಗೊಂದು ಕಾಯ್ದೆ, ಎರಡರ ಮಧ್ಯೆ ನಾವು ಬದುಕ್ತಿರೋ ಜಾಗಕ್ಕೆ ಯಾವುದೂ ಇಲ್ಲ. 70 ದಾಟಿದವರಿಗೆಲ್ಲ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷ ಅಂತ 2024ರಲ್ಲಿ ಆಯ್ತು, ಒಳ್ಳೇದೇ, ಆದ್ರೆ ಅದು ಆಸ್ಪತ್ರೆಗೆ ಸೇರಿದ್ರೆ. ಇವರಿಗೆ ಬೇಕಾಗಿರೋದು ಆಪರೇಷನ್ ಅಲ್ಲ, ಬೆಳಿಗ್ಗೆ ಎದ್ದ ತಕ್ಷಣ ಬಾತ್‌ರೂಮಿಗೆ ಕರ್ಕೊಂಡು ಹೋಗೋ ಒಂದು ಕೈ.

ಕೇಂದ್ರದ ವಸತಿ ಇಲಾಖೆ 2019ರಲ್ಲೇ ರಿಟೈರ್‌ಮೆಂಟ್ ಹೋಮ್‌ಗಳಿಗೆ ಮಾದರಿ ಮಾರ್ಗಸೂಚಿ ಬಿಡುಗಡೆ ಮಾಡಿದೆ. ಕಟ್ಟಿದವರು, ಸೇವೆ ಕೊಡೋರು, ಇರೋರು, ಮೂವರ ನಡುವೆ ಅಗ್ರಿಮೆಂಟ್ ಆಗ್ಬೇಕು ಅಂತ ಅದರಲ್ಲಿದೆ. ಆದ್ರೆ ಅದು ಬರೀ ಮಾದರಿ, ರಾಜ್ಯಗಳು ತಮ್ಮದು ಅಂತ ಮಾಡ್ಕೊಂಡ್ರೆ ಮಾತ್ರ ಬೆಲೆ. ಪಕ್ಕದ ಮಹಾರಾಷ್ಟ್ರದ ರೇರಾದವರು 2024ರಲ್ಲಿ ಒಂದು ಆದೇಶ ಮಾಡಿದ್ರು, ಹಿರಿಯರಿಗೆ ಅಂತ ಹೇಳ್ಕೊಂಡು ಮಾರೋ ಪ್ರಾಜೆಕ್ಟಲ್ಲಿ ಬಾಗಿಲಿನ ಅಗಲ, ಲಿಫ್ಟು, ರ್‍ಯಾಂಪು, ಜಾರದ ನೆಲ, ಇವೆಲ್ಲ ಸೇಲ್ ಅಗ್ರಿಮೆಂಟಲ್ಲೇ ಬರಬೇಕು ಅಂತ. ಅದು ಕಟ್ಟಡದ್ದೇ ಆದ್ರೂ ಒಂದು ಹೆಜ್ಜೆ. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗ್ಬಹುದು. ಮರೆವಿನ ಕಾಯಿಲೆ ವಿಷಯದಲ್ಲಿ ನಮ್ಮ ಸರ್ಕಾರ ಮುಂದೆ ಹೋಗಿದೆ ಕೂಡ, 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿ ಜಯನಗರ ಜನರಲ್ ಆಸ್ಪತ್ರೆಲಿ, ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಕ್ಲಿನಿಕ್ ಮಾಡಿದ್ರಿ. ಕಾಯಿಲೆ ಕಂಡುಹಿಡಿಯಕ್ಕೆ ಅಷ್ಟು ಮನಸ್ಸು ಮಾಡಿದವರು, ಕಂಡುಹಿಡಿದ ಮೇಲೆ ಆ ಮನುಷ್ಯ ಎಲ್ಲಿ ಇರಬೇಕು ಅನ್ನೋದಕ್ಕೂ ಮನಸ್ಸು ಮಾಡಿ.

ಕಂಟಿನ್ಯೂಯಿಂಗ್ ಕೇರ್ ಅನ್ನೋ ಮಾತು ಅಮೆರಿಕದಿಂದ ಬಂದಿದ್ದು, ಮಗಳ ಮನೆಗೆ ಹೋದಾಗ ಅಲ್ಲಿಯದೊಂದನ್ನ ನೋಡ್ಕೊಂಡು ಬಂದಿದೀನಿ. ಒಂದೇ ಕಾಂಪೌಂಡಿನಲ್ಲಿ ಮೂರು ಥರ ಮನೆ. ಗಟ್ಟಿಯಾಗಿರೋರಿಗೆ ಒಂದು, ಸ್ನಾನ ಬಟ್ಟೆಗೆ ಸಹಾಯ ಬೇಕಾದವರಿಗೆ ಒಂದು, ಹಾಸಿಗೆ ಹಿಡಿದವರಿಗೆ ನರ್ಸಿಂಗ್ ಇರೋದು ಒಂದು. ಗಂಡ ನರ್ಸಿಂಗ್ ಕಡೆ ಹೋದ್ರೂ ಹೆಂಡತಿ ಐದು ನಿಮಿಷ ನಡ್ಕೊಂಡು ಹೋಗಿ ನೋಡಬಹುದು, ಇಡೀ ವ್ಯವಸ್ಥೆಯ ಜೀವ ಇರೋದೇ ಇದರಲ್ಲಿ. ಅಂಥದ್ದು ನಡೆಸಬೇಕಂದ್ರೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಿಂದ ಅಧಿಕಾರಪತ್ರ ಬೇಕು, ಸೇರಿದವರಿಗೆ ಮನಸ್ಸು ಬದಲಾದ್ರೆ 90 ದಿನದೊಳಗೆ ಬಿಟ್ಟುಬರೋ ಹಕ್ಕಿದೆ. ಅಲ್ಲಿ ಎಲ್ಲ ಸ್ವರ್ಗ ಅಂತ ನಾನು ಹೇಳ್ತಿಲ್ಲ, ಖರ್ಚು ಕೇಳಿದ್ರೆ ಎದೆ ಒಡೆಯತ್ತೆ, ಹಿರಿಯರಿಗೆ ಅಲ್ಲಿಯ ಸರ್ಕಾರ ಕೊಡೋ ಆರೋಗ್ಯ ವಿಮೆ ಮೆಡಿಕೇರ್ ಕೂಡ ಆಸ್ಪತ್ರೆಲಿದ್ದು ಬಂದವರಿಗೆ ನರ್ಸಿಂಗ್ ಕೇಂದ್ರದಲ್ಲಿ ಹೆಚ್ಚಂದ್ರೆ 100 ದಿನ ಅಷ್ಟೇ ನೋಡ್ಕೊಳ್ಳೋದು. ನಮ್ಮವರು ಅಲ್ಲಿಂದ ಹೆಸರು ತಂದ್ರು, ಆ ಹೆಸರು ಇಟ್ಕೊಳ್ಳಕ್ಕೆ ಅಲ್ಲಿರೋ ಜವಾಬ್ದಾರಿ ತರ್ಲಿಲ್ಲ ಅನ್ನೋದೇ ನನ್ನ ಸಂಕಟ.

ಲೆಟರ್ ಬಂದ ಮೇಲೆ ನಾನು ಹನ್ನೊಂದು ಕಡೆ ಹೋಗಿ ನೋಡಿದೆ. ಬೆಂಗಳೂರು, ಮೈಸೂರು, ಒಂದೆರಡು ಕೊಯಮತ್ತೂರಲ್ಲೂ, ಅಲ್ಲಿ ಇಂಥವು ಬೇಕಾದಷ್ಟಿವೆ. ಒಂದು ನೋಟ್‌ಬುಕ್ ಇಟ್ಕೊಂಡಿದ್ದೆ. ಎಲ್ಲ ಕಡೆ ಮೊದಲು ತೋರಿಸೋದು ಮಾಡೆಲ್ ಫ್ಲಾಟು, ಡೈನಿಂಗ್ ಹಾಲು, ಯೋಗ ರೂಮು. ಹಾಸಿಗೆ ಹಿಡಿದವರು ಎಲ್ಲಿದಾರೆ, ಅವರನ್ನ ನೋಡ್ಬೇಕು ಅಂದ್ರೆ ಮುಖ ಬದಲಾಗತ್ತೆ. ಐದು ಕಡೆ ಅಂಥವರು ಇರೋಕೆ ಜಾಗವೇ ಇರ್ಲಿಲ್ಲ, ಮುಂದಿನ ಫೇಸಲ್ಲಿ ಕಟ್ತೀವಿ ಅಂದ್ರು. ಒಂದು ಕಡೆ ಕಟ್ಟಡ ಇತ್ತು, ಮಂಚ ಇತ್ತು, ಒಬ್ಬ ನರ್ಸೂ ಇರ್ಲಿಲ್ಲ. ಅದಾದ ಮೇಲೆ ಹಗಲು ಹೋಗೋದು ಬಿಟ್ಟು ಸಂಜೆ ಏಳರ ಮೇಲೆ ಹೋಗಕ್ಕೆ ಶುರು ಮಾಡಿದೆ. ರಾತ್ರಿ ಪಾಳಿಲಿ ಎಷ್ಟು ಜನಕ್ಕೆ ಎಷ್ಟು ಜನ ಅಟೆಂಡರ್ ಅಂತ ಕೇಳಿದ್ರೆ ಮ್ಯಾನೇಜರ್ ಹೇಳೋದೇ ಒಂದು ಲೆಕ್ಕ, ವೆರಾಂಡದಲ್ಲಿ ಅರ್ಧ ಗಂಟೆ ಕೂತು ನಾನು ಎಣಿಸಿದ್ದೇ ಇನ್ನೊಂದು. ಅಲ್ಲಿರೋ ಹೆಂಗಸರ ಹತ್ರ ಕೂತು ಮಾತಾಡಿದ್ರೆ ಬ್ರೋಷರ್‌ನಲ್ಲಿ ಇಲ್ಲದ್ದೆಲ್ಲ ಗೊತ್ತಾಗತ್ತೆ, ಹೋದ ವರ್ಷ ಇಲ್ಲಿಂದ ಯಾರ್ಯಾರು ಹೋದ್ರು, ಯಾಕೆ ಹೋದ್ರು ಅಂತ ಕೇಳಿ. ತೀರ್ಕೊಂಡು ಹೋದ್ರಾ, ಕಳಿಸಿದ್ರಾ. ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಯಾವುದೂ ಕಾಣಲ್ಲ.

ಇನ್ನೊಂದು ವಿಷಯ ಇದೆ, ಇದನ್ನ ಯಾವ ಕಡೆನೂ ನಾನು ಕೇಳೋವರೆಗೆ ಯಾರೂ ಯೋಚನೆ ಮಾಡಿರ್ಲಿಲ್ಲ. ಭಾಷೆ. ಮರೆವು ಜಾಸ್ತಿ ಆಗ್ತಾ ಆಗ್ತಾ ಎಷ್ಟೋ ಜನಕ್ಕೆ ಆಮೇಲೆ ಕಲಿತ ಭಾಷೆಗಳು ಮೊದಲು ಹೋಗ್ತವೆ, ತಾಯಿ ಹತ್ರ ಕಲಿತಿದ್ದು ಕೊನೆಗೆ ಉಳಿಯತ್ತೆ. ಇವರು ಆಫೀಸಲ್ಲಿ ಮೀಟಿಂಗ್ ಎಲ್ಲ ಇಂಗ್ಲಿಷಲ್ಲೇ ಮಾಡ್ತಿದ್ದವರು, ಹಿಂದಿನೂ ಚೆನ್ನಾಗಿ ಬರ್ತಿತ್ತು, ಈಗ ಎರಡೂ ಇಲ್ಲ. ಕನ್ನಡದಲ್ಲೂ ಅವರ ಅಮ್ಮ ಮಾತಾಡ್ತಿದ್ದ ಹಾಸನದ ಕಡೆ ಕನ್ನಡ ಬರತ್ತೆ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬಾಯಲ್ಲಿ ಕೇಳ್ತಿದ್ದ ಮಾತುಗಳೇ. ನೋಡ್ಕೊಳ್ಳೋ ಮಕ್ಕಳೋ ಒಡಿಶಾದಿಂದ, ಜಾರ್ಖಂಡ್‌ನಿಂದ ಬಂದವರು, ಮನೆ ಮಠ ಬಿಟ್ಟು ಅಷ್ಟು ದೂರದಿಂದ ಬಂದು ಯಾರದೋ ಅಪ್ಪ ಅಮ್ಮನ ಡೈಪರ್ ಬದಲಾಯಿಸ್ತಾರೆ, ಅವರ ಬಗ್ಗೆ ನಾನು ಒಂದು ಮಾತೂ ಆಡಲ್ಲ. ಆದ್ರೆ ಇವರು "ಬಾಯಾರ್ತದೆ" ಅಂದ್ರೆ ಅವರಿಗೆ ಅರ್ಥ ಆಗಲ್ಲ, ಅರ್ಥ ಆಗದೇ ಇದ್ದಾಗ ಇವರು ಕೂಗ್ತಾರೆ, ಕೂಗಿದ್ರೆ ಫೈಲಲ್ಲಿ ಅಗ್ರೆಸಿವ್ ಅಂತ ಬರೀತಾರೆ, ಆ ಒಂದು ಪದದ ಮೇಲೆ ಮುಂದೆ ಮಾತ್ರೆ, ಲೆಟರ್ ಎಲ್ಲ ಬರತ್ತೆ. ಬಾಯಾರಿಕೆ ಆಗಿದ್ದಿಷ್ಟೇ. ಈಗ ಇವರಿರೋ ಕಡೆ ಒಬ್ಳು ಹುಡುಗಿ "ನೀರು ಬೇಕಾ ಅಜ್ಜ", "ನೋವಾ", "ಮಲಗಿ", ಇಷ್ಟು ಕಲ್ತಿದಾಳೆ, ನಾನೇ ಒಂದು ಹಾಳೆಲಿ ಹಿಂದಿ ಲಿಪಿಯಲ್ಲಿ ಬರೆದುಕೊಟ್ಟೆ. ಅವಳಿದ್ದ ಪಾಳಿಲಿ ಇವರು ಕೂಗಲ್ಲ. ಇಪ್ಪತ್ತು ಮಾತು ಕಲಿಸೋ ಒಂದು ವಾರದ ಟ್ರೈನಿಂಗ್ ಕಡ್ಡಾಯ ಮಾಡಕ್ಕೆ ನಿಮಗೆ ಎಷ್ಟು ಖರ್ಚಾದೀತು ಸಚಿವರೇ? ಕಲಿಸಕ್ಕೆ ನಮ್ಮಂಥ ರಿಟೈರ್ಡ್ ಟೀಚರ್‌ಗಳಿದೀವಿ, ಸಂಬಳ ಬೇಡ.

ಈಗ ಇವರಿರೋದು ಮೈಸೂರಿನ ಹೊರಗಿರೋ ಒಂದು ಡಿಮೆನ್ಷಿಯಾ ಕೇಂದ್ರದಲ್ಲಿ, ನಾನಿರೋದು ಊರೊಳಗೆ ಒಂದು ರೂಮಿನ ಬಾಡಿಗೆ ಮನೆಲಿ. ಅಲ್ಲಿ ಕಾಯಿಲೆ ಇಲ್ಲದವರಿಗೆ ಜಾಗ ಇಲ್ಲ, ಕಾಯಿಲೆ ಇಲ್ಲದವರಿರೋ ಕಡೆ ಇವರಿಗೆ ಜಾಗ ಇಲ್ಲ. ದಿನಾ ಎರಡು ಬಸ್ ಬದಲಾಯಿಸಿ ಹೋಗ್ತೀನಿ, ಶಕ್ತಿ ಯೋಜನೆ ಇರೋದ್ರಿಂದ ಟಿಕೆಟ್ ದುಡ್ಡಿಲ್ಲ, ಅದಕ್ಕೆ ನಿಮ್ಮ ಸರ್ಕಾರಕ್ಕೆ ಋಣಿ. ಆದ್ರೆ ನನಗೂ 72, ಮಂಡಿ ಹಿಡ್ಕೊಳತ್ತೆ, ಬಸ್ಸಿನ ಮೆಟ್ಟಿಲು ಹತ್ತಕ್ಕೆ ಆಗದ ದಿನ ಬರತ್ತೆ, ಆಗ ಇವರಿಗೆ ಮಧ್ಯಾಹ್ನದ ಅನ್ನ ಕಲಸಿ ತಿನ್ಸೋರು ಯಾರು, ಬೇರೆ ಯಾರ ಕೈಲೂ ಬಾಯಿ ತೆರೆಯಲ್ಲ. ಒಂದೇ ಕಾಂಪೌಂಡು ಅಂತ ನಾವು 30 ಲಕ್ಷ ಕೊಟ್ಟಿದ್ದು ಇದಕ್ಕೇ ಆಗಿತ್ತು.

ನಾನು ದೊಡ್ಡ ಕಾನೂನು ಕೇಳ್ತಿಲ್ಲ, ಅದು ಆಗೋವಷ್ಟರಲ್ಲಿ ನಾವಿಬ್ರೂ ಇರಲ್ಲ. ಕೇಳ್ತಿರೋದು ಒಂದು ಹಾಳೆ. ಹಿರಿಯರಿಗೆ ಅಂತ ಹೇಳ್ಕೊಂಡು ಯಾರೇ ಆಗ್ಲಿ ಡಿಪಾಸಿಟ್ ತಗೊಳ್ಳೋ ಮೊದಲು, ಇಲಾಖೆ ಗೊತ್ತು ಮಾಡಿದ ಒಂದೇ ಒಂದು ಹಾಳೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ತುಂಬಿ ಸೈನ್ ಮಾಡಿ ಕೈಗೆ ಕೊಡಬೇಕು. ಈ ಮನುಷ್ಯ ಹಾಸಿಗೆ ಹಿಡಿದ್ರೆ ಇಲ್ಲೇ ಇಟ್ಕೋತೀರಾ, ಮರೆವು ಬಂದ್ರೆ ಇಟ್ಕೋತೀರಾ, ಇಟ್ಕೊಂಡ್ರೆ ಯಾವ ಕಟ್ಟಡದಲ್ಲಿ, ಆಗ ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಸ್ತೀರಿ, ಇಟ್ಕೊಳ್ಳಲ್ಲ ಅಂದ್ರೆ ಅದನ್ನೇ ಇಲ್ಲಿ ಬರೀರಿ, ಕಳಿಸೋ ತೀರ್ಮಾನ ಮಾಡೋ ಡಾಕ್ಟರ್ ನಿಮ್ಮವರಾ ಹೊರಗಿನವರಾ, ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಯಾರ ಕೈಗೆ. ಇಟ್ಕೊಳ್ಳಲ್ಲ ಅಂತ ಪ್ರಾಮಾಣಿಕವಾಗಿ ಬರೆದ್ರೂ ಬೇಜಾರಿಲ್ಲ, ಗೊತ್ತಿದ್ದು ಸೇರ್ಕೊಳ್ಳೋರು ಸೇರ್ಕೋತಾರೆ. ಬರೆಯದೇ ಇರೋರಿಗೆ ಕಂಟಿನ್ಯೂಯಿಂಗ್ ಕೇರ್ ಅನ್ನೋ ಮಾತನ್ನ ಜಾಹೀರಾತಲ್ಲಿ ಬಳಸಕ್ಕೆ ಬಿಡಬೇಡಿ. ಮನೆ ಕಟ್ಟೋ ಬಿಲ್ಡರ್ ಜನರಿಂದ ತಗೊಂಡ ದುಡ್ಡಲ್ಲಿ 70 ಪರ್ಸೆಂಟ್ ಬೇರೆ ಅಕೌಂಟಲ್ಲಿ ಇಡಬೇಕು ಅಂತ ರೇರಾ ಮಾಡಿದೆಯಲ್ಲ, ನಮ್ಮ ಡಿಪಾಸಿಟ್ಟಿಗೂ ಅಂಥದ್ದೊಂದು ಅಕೌಂಟ್ ಇರಲಿ, ಹೊಸಬ್ರು ಬರೋವರೆಗೆ ಕಾಯೋ ಪಾಡು ಯಾರಿಗೂ ಬೇಡ.

ಹೊರದೇಶದಲ್ಲಿರೋ ಮಕ್ಕಳಿಗೆ ಒಂದು ಮಾತು. ವಿಡಿಯೋ ಕಾಲಲ್ಲಿ ಲಾನ್ ನೋಡಿ ಒಪ್ಪಬೇಡಿ ಕಂದಾ. ರಜೆಗೆ ಬಂದಾಗ ಅಪ್ಪ ಅಮ್ಮನ ಜೊತೆ ಒಂದು ವಾರ ಅಲ್ಲೇ ಗೆಸ್ಟ್ ರೂಮಲ್ಲಿರಿ, ಬಹಳಷ್ಟು ಕಡೆ ದುಡ್ಡು ಕೊಟ್ರೆ ಇರಕ್ಕೆ ಬಿಡ್ತಾರೆ. ರಾತ್ರಿ ಮೂರು ಗಂಟೆಗೆ ಎಮರ್ಜೆನ್ಸಿ ಬೆಲ್ ಒತ್ತಿ ನೋಡಿ ಎಷ್ಟು ನಿಮಿಷಕ್ಕೆ ಬರ್ತಾರೆ ಅಂತ. ತಪ್ಪು ತಿಳ್ಕೊಂಡ್ರೆ ತಿಳ್ಕೊಳ್ಳಲಿ. ಮತ್ತೆ ಅಪ್ಪ ಅಮ್ಮನಿಗೆ ಅರವತ್ತೈದು ಅರವತ್ತೆಂಟು ಇರೋವಾಗ್ಲೇ ಈ ಮಾತೆಲ್ಲ ಎತ್ತಿ, ಕೋಪ ಮಾಡ್ಕೊಂಡ್ರೂ ಎತ್ತಿ. ನನ್ನ ಮಗಳು ಎತ್ತಿದಾಗ ನಾನೂ ಬೈದಿದ್ದೆ.

ಫೋನ್ ಮಾಡಿದ್ದ ಟೀಚರ್‌ಗೆ ಬೆಳಿಗ್ಗೆ ನಾನೇ ಮಾಡಿದೆ, ನಾಳಿದ್ದು ಅಡ್ವಾನ್ಸ್ ಕೊಡೋದು ಬೇಡ, ಭಾನುವಾರ ಸಂಜೆ ಏಳಕ್ಕೆ ನಾವಿಬ್ರೂ ಹೋಗಿ ನೋಡೋಣ ಅಂದೆ. ಒಪ್ಕೊಂಡಿದಾರೆ. ಮೇಲೆ ಹೇಳಿದ ಹಾಳೆನ ನಾನೇ ಬರೆದು ಅವರ ಯಜಮಾನರ ಹತ್ರ ಟೈಪ್ ಮಾಡಿಸಿದೀನಿ, ಮ್ಯಾನೇಜರ್ ಮುಂದೆ ಇಟ್ಟು ತುಂಬಿಕೊಡಿ ಅಂತ ಕೇಳ್ತೀವಿ. ಅದರದ್ದೊಂದು ಕಾಪಿ ಈ ಪತ್ರದ ಜೊತೆ ನಿಮ್ಮ ಇಲಾಖೆಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸ್ತಿದೀನಿ. ಅದರಲ್ಲಿ ಏನು ತಿದ್ದಬೇಕೋ ತಿದ್ದಿ, ಮೇಲೆ ಸರ್ಕಾರದ ಸೀಲ್ ಹಾಕಿ ಕೊಡಿ.

ಇತಿ,
ಒಬ್ಬ ರಿಟೈರ್ಡ್ ಟೀಚರ್,
ಮೈಸೂರು